ಕಾನೂನಿಗೆ ಬರವಿಲ್ಲ, ಕೊರತೆ ಇರುವುದು ತೀರ್ಪಿಗೆ

ಸೇವೆಯಿಂದ ನಿವೃತ್ತನಾಗುವ ಕೆಲವೇ ತಿಂಗಳ ಮುಂಚೆ ನನಗೊಂದು ಸಮನ್ಸ್ ಬಂದಿತ್ತು. ಹದಿನೇಳು ವರ್ಷಗಳ ಹಿಂದೆ ನಾನು ಉಪವಿಭಾಗಾಧಿಕಾರಿಯಾಗಿದ್ದ ಊರಿನ ಪತ್ತಿನ ಸಹಕಾರ ಸಂಘವೊಂದರ ಹಣ ದುರುಪಯೋಗದ ಪ್ರಕರಣವದು. ಎರಡು ಬಾರಿ ಮುಂದಕ್ಕೆ ಹೋದ ವಿಚಾರಣೆಯಲ್ಲಿ ಕೊನೆಗೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಈ ಪತ್ರದ ಮೇಲಿರುವುದು ನಿಮ್ಮ ಸಹಿಯೇ?’ ಹೌದೆಂದು ಹೇಳಿ ಹೊರಬಂದೆ. ಜಾಮೀನಿನ ಮೇಲಿದ್ದ ಸಂಘದ ಮಾಜಿ ಕಾರ್ಯದರ್ಶಿ ಹೊರಗಿನ ಬೆಂಚಿನಿಂದ ಎದ್ದು ನಿಂತು ನಮಸ್ಕರಿಸಿದರು. ಗ್ರಾಚ್ಯುಟಿ ಹಣವನ್ನೆಲ್ಲ ಆ ಸಂಘದಲ್ಲಿಟ್ಟು ಕಳೆದುಕೊಂಡು, ನನಗೆ ಮೊದಲ ದೂರು ಕೊಟ್ಟಿದ್ದ ನಿವೃತ್ತ ಶಾಲಾ ಮಾಸ್ತರರು ತೀರಿಕೊಂಡು ಆಗಲೇ ಆರು ವರ್ಷಗಳಾಗಿದ್ದವು.

ಗಣ್ಯರೆನಿಸಿಕೊಂಡವರು ತಮ್ಮ ವೃತ್ತಿಯ ಮರೆಯಲ್ಲೇ ಎಸಗುವ ಇಂಥ ಅಪರಾಧಗಳಿಗೆ ‘ವೈಟ್ ಕಾಲರ್ ಅಪರಾಧ’ ಎಂಬ ಹೆಸರನ್ನು 1939ರಲ್ಲಿ ಕೊಟ್ಟವರು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್. ನಮ್ಮಲ್ಲಿ ಇವುಗಳ ವಿರುದ್ಧ ಕಾನೂನುಗಳಿಗೇನೂ ಬರವಿಲ್ಲ. ಸಾಮಾಜಿಕ ಮತ್ತು ಆರ್ಥಿಕ ಅಪರಾಧಗಳ ವಿಚಾರಣೆ ಹಾಗೂ ಶಿಕ್ಷೆಯ ಕುರಿತು ಕಾನೂನು ಆಯೋಗವು 1972ರಷ್ಟು ಹಿಂದೆಯೇ ಪ್ರತ್ಯೇಕ ವರದಿ ನೀಡಿತ್ತು. ಆಮೇಲೆ ಒಂದೊಂದು ಹಗರಣಕ್ಕೂ ಒಂದೊಂದು ಕಾಯ್ದೆ ಬಂದಿದೆ. 1992ರ ಷೇರು ಹಗರಣದ ಬೆನ್ನಿಗೇ ವಿಶೇಷ ನ್ಯಾಯಾಲಯದ ಕಾಯ್ದೆ ಬಂತು. ಸತ್ಯಂ ಹಗರಣದ ತರುವಾಯ ಬಂದ 2013ರ ಕಂಪನಿ ಕಾಯ್ದೆಯ 447ನೇ ಕಲಮಿನಡಿ ವಂಚನೆಗೆ ಹತ್ತು ವರ್ಷಗಳವರೆಗೆ ಸೆರೆವಾಸ, ವಂಚಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. 2016ರಲ್ಲಿ ವಿಜಯ್ ಮಲ್ಯ ದೇಶ ಬಿಟ್ಟರು. 2018ರಲ್ಲಿ ಪಲಾಯನಗೈದ ಆರ್ಥಿಕ ಅಪರಾಧಿಗಳ ಕಾಯ್ದೆ ಜಾರಿಯಾಯಿತು.

ಆದರೂ ವಂಚಕರಿಗೆ ಅಂಜಿಕೆ ಹುಟ್ಟಿಲ್ಲವೇಕೆ? ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರ ಪ್ರಬಂಧವೊಂದರಲ್ಲಿ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಅಪರಾಧಿಯಾಗಬಹುದಾದವನು ಶಿಕ್ಷೆಯ ಪ್ರಮಾಣವನ್ನಷ್ಟೇ ಅಲ್ಲ, ಅದು ತನಗೆ ತಗಲುವ ಸಂಭವವನ್ನೂ ತೂಗಿ ನೋಡುತ್ತಾನೆ. ಕಾಲದ ಅಂಶವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಇಂದು ಕೈಗೆ ಬಂದ ಹಣ ಇಂದಿನಿಂದಲೇ ಬಡ್ಡಿ ದುಡಿಯುತ್ತದೆ. ಹದಿನೈದು ವರ್ಷಗಳ ನಂತರ ಬರಬಹುದಾದ ಶಿಕ್ಷೆಯ ಇಂದಿನ ಬೆಲೆ ತೀರಾ ಕಡಿಮೆ. ವಂಚಕನ ಪಾಲಿಗೆ ವಿಳಂಬವೇ ಲಾಭ. ಲೆಕ್ಕಪತ್ರ ಬಲ್ಲವನಿಗೆ ಈ ಲೆಕ್ಕವೂ ಗೊತ್ತು.

ಸತ್ಯಂ ಪ್ರಕರಣವನ್ನೇ ನೋಡಿ. 2009ರ ಜನವರಿ 7ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ತಾವೇ ತಪ್ಪೊಪ್ಪಿಕೊಂಡಿದ್ದರು. ಆದರೂ ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳು, ಮೂರು ಸಾವಿರಕ್ಕೂ ಹೆಚ್ಚು ದಾಖಲೆಗಳನ್ನು ದಾಟಿ ತೀರ್ಪು ಹೊರಬಿದ್ದದ್ದು 2015ರ ಏಪ್ರಿಲ್‌ನಲ್ಲಿ. ಹತ್ತು ಮಂದಿಗೆ ಶಿಕ್ಷೆಯಾಯಿತು. ರಾಜು ಅವರಿಗೆ ಏಳು ವರ್ಷಗಳ ಸೆರೆವಾಸ. ಮುಂದಿನ ತಿಂಗಳೇ ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು. ತೀರ್ಪಿಗೆ ಮೊದಲು ಅವರು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದರು. ತೀರ್ಪಿಗೆ ಮುನ್ನ ಜೈಲು, ತೀರ್ಪಿನ ಬಳಿಕ ಜಾಮೀನು ಎಂಬ ಈ ತಲೆಕೆಳಗಾದ ಕ್ರಮ ನಮಗೆ ರೂಢಿಯಾಗಿಬಿಟ್ಟಿದೆ. ಕೊನೆಗೆ ನಿರಪರಾಧಿಯೆಂದು ಸಾಬೀತಾಗುವವನಿಗೆ ಇದು ಘೋರ ಅನ್ಯಾಯ. ಅಪರಾಧಿಗಂತೂ ಅದೊಂದು ಸಹಿಸಬಹುದಾದ ವೆಚ್ಚ. ಬಂಧನ, ದಾಳಿ, ಜಪ್ತಿಗಳ ಸುದ್ದಿಯನ್ನೇ ನಾವು ನ್ಯಾಯವೆಂದು ಭ್ರಮಿಸುತ್ತಿದ್ದೇವೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ 2014ರಿಂದ ಹತ್ತು ವರ್ಷಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದರೂ ಶಿಕ್ಷೆಯಾದದ್ದು 40ರಲ್ಲಿ ಮಾತ್ರವೆಂಬುದು 2024ರಲ್ಲಿ ಸಂಸತ್ತಿಗೆ ಸರ್ಕಾರವೇ ಕೊಟ್ಟ ಲೆಕ್ಕ.

ನಮ್ಮ ರಾಜ್ಯದ ಠೇವಣಿದಾರರ ಅನುಭವವೂ ಬೇರೆಯಲ್ಲ. 2019ರಲ್ಲಿ ಐಎಂಎ ಕುಸಿಯಿತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿ, ಹಣ ಹಿಂಪಡೆಯುವ ಮಿತಿಯನ್ನು 35 ಸಾವಿರ ರೂಪಾಯಿಗೆ ಇಳಿಸಿತು. ಬ್ಯಾಂಕಿನ ಗ್ರಾಹಕರಿಗೆ ಠೇವಣಿ ವಿಮೆಯ ಆಸರೆಯಾದರೂ ಇತ್ತು. ಐಎಂಎಯಲ್ಲಿ ಹಣ ತೊಡಗಿಸಿದವರಿಗೆ ಅದೂ ಇರಲಿಲ್ಲ. ಅಂಥವರಿಗಾಗಿಯೇ ಇರುವ 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರಿಯು ಆಸ್ತಿ ಜಪ್ತಿ ಮಾಡಿಸಿ, ಹರಾಜಿಗಿಟ್ಟು, ಹಣ ಹಂಚಬೇಕು. ಎಪ್ಪತ್ತು ದಾಟಿದ ಪಿಂಚಣಿದಾರರಿಗೆ ಈ ಪ್ರತಿಯೊಂದು ಹಂತದ ವಿಳಂಬವೂ ಔಷಧಿಯ ಅಂಗಡಿಯಲ್ಲಿ ಅನುಭವಕ್ಕೆ ಬರುವಂಥದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಎರಡು ಉಪಯುಕ್ತ ಕಲಮುಗಳಿವೆ. 330ನೇ ಕಲಮಿನ ಪ್ರಕಾರ ದಾಖಲೆಗಳ ನೈಜತೆಯನ್ನು ಒಪ್ಪುವುದೋ ಅಲ್ಲಗಳೆಯುವುದೋ ಎಂಬುದನ್ನು ಎದುರು ಪಕ್ಷ ಮೂವತ್ತು ದಿನಗಳಲ್ಲಿ ತಿಳಿಸಬೇಕು. ವಿವಾದವಿಲ್ಲದ ಸಹಿಯನ್ನು ಗುರುತಿಸಲು ಮುದಿ ಅಧಿಕಾರಿಗಳನ್ನು ಊರೂರಿಂದ ಕರೆಸಬೇಕಾಗಿಲ್ಲ. 107ನೇ ಕಲಮಿನಡಿ ನ್ಯಾಯಾಲಯವು ಆರೋಪಿಯ ಅಹವಾಲು ಕೇಳಿದ ನಂತರ, ಅಪರಾಧದಿಂದ ಗಳಿಸಿದ ಆಸ್ತಿಯನ್ನು ಸಂತ್ರಸ್ತರಿಗೆ ಹಂಚುವಂತೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ನಿರ್ದೇಶಿಸಬಹುದು. ಹಂಚಿಕೆ ಅರವತ್ತು ದಿನಗಳಲ್ಲಿ ಮುಗಿಯಬೇಕು.

ಆದರೆ ಕಲಮು ತಾನಾಗಿ ಕೆಲಸ ಮಾಡುವುದಿಲ್ಲ. ಭೂದಾಖಲೆ, ಚುನಾವಣೆ, ಬರ ಪರಿಹಾರಗಳಲ್ಲಿ ಮುಳುಗಿರುವ ಕಂದಾಯ ಕಚೇರಿಯಲ್ಲಿ ಲೆಕ್ಕಪತ್ರ ಓದಬಲ್ಲವರು ವಿರಳ. ಇಂಥ ಪ್ರಕರಣಗಳಿಗೆ ಲೆಕ್ಕ ಪರಿಶೋಧಕರ ನೆರವಿರುವ ತನಿಖಾಧಿಕಾರಿ, ಮಧ್ಯೆ ಬದಲಾಗದ ಸರ್ಕಾರಿ ಅಭಿಯೋಜಕ ಮತ್ತು ದಿನವಹಿ ವಿಚಾರಣೆ ಬೇಕು. ಇದು ಖರ್ಚಿನ ಬಾಬ್ತು, ನಿಜ. ಸಾಲುಸಾಲು ಸಮನ್ಸುಗಳಿಗೆ ಆಗುವ ಖರ್ಚನ್ನು ಮಾತ್ರ ಯಾರೂ ಲೆಕ್ಕ ಹಾಕಿಲ್ಲ.

ಇದರಲ್ಲಿ ನನ್ನ ಪಾಲೂ ಇದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಅಂದು ಮಾಸ್ತರರ ಅರ್ಜಿಯ ಮೇಲೆ ‘ಮುಂದಿನ ಕ್ರಮಕ್ಕಾಗಿ’ ಎಂದು ಷರಾ ಬರೆದು ಸಂಬಂಧಪಟ್ಟ ಇಲಾಖೆಗೆ ಕಳುಹಿಸಿ, ನನ್ನ ಕೆಲಸ ಮುಗಿಯಿತೆಂದುಕೊಂಡೆ. ಕಾರ್ಯದರ್ಶಿಯ ಆಸ್ತಿ ಕೈಬದಲಾಗದಂತೆ ತಡೆಯಲು ಆಗ ಸಮಯವಿತ್ತು. ಕೊನೆಗೆ ಅವರಿಗೆ ಶಿಕ್ಷೆಯಾಯಿತೆಂದು ಕೇಳಿದೆ. ಅವರು ಮೇಲ್ಮನವಿ ಸಲ್ಲಿಸಿದರಂತೆ. ಮಾಸ್ತರರ ಠೇವಣಿ ರಸೀದಿ ಮಾತ್ರ ನಿಶಾನೆ ಸಂಖ್ಯೆ ಹೊತ್ತು ನ್ಯಾಯಾಲಯದ ಕಡತದಲ್ಲೇ ಉಳಿಯಿತು.