ಮನೆವಾರ್ತೆ: ಜಾತ್ರೆಯ ಕೈಗಾಸು ಎಷ್ಟಿರಬೇಕು?

ಸಂಕ್ರಾಂತಿ ಸಮೀಪಿಸಿತೆಂದರೆ ಸೊಲ್ಲಾಪುರದ ನಮ್ಮ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಒಟ್ಟಿಗೆ ಆರಂಭವಾಗುತ್ತವೆ. ಹಿರಿಯರು ನಂದಿಧ್ವಜ, ಬಾರಾಬಂದಿ, ಅರವತ್ತೆಂಟು ಲಿಂಗಗಳ ಎಣ್ಣೆಮಜ್ಜನ ಎಂದು ಮಾತನಾಡುತ್ತಿರುತ್ತಾರೆ. ಮಕ್ಕಳಾದರೋ ಹೋಮ ಮೈದಾನದಲ್ಲಿ ತೊಟ್ಟಿಲು ಎದ್ದು ನಿಂತಿತೆ, ಆಟಿಗೆಯ ಅಂಗಡಿಗಳು ಬಂದವೆ ಎಂದು ಓಣಿಯ ತುದಿಯವರೆಗೆ ಓಡಿ ಸುದ್ದಿ ತರುತ್ತಾರೆ. ಗಡ್ಡೆಯ ಜಾತ್ರೆಯಲ್ಲಿ ಮಕ್ಕಳ ಕೈಗೆ ಎಷ್ಟು ರೊಕ್ಕ ಕೊಡಬೇಕು ಎಂಬ ಪ್ರಶ್ನೆ ಆಗ ಮನೆಯೊಡತಿಯ ಎದೆಯಲ್ಲಿ ಮೆಲ್ಲನೆ ತಲೆಯೆತ್ತುತ್ತದೆ. ನಮ್ಮ ವಾಚಕ ಬಳಗದ ಕ್ರೈಸ್ತ ಮನೆಗಳಿಗೆ ಇದೇ ಪ್ರಶ್ನೆ ಇಪ್ಪತ್ತು ದಿನ ಮೊದಲೇ, ಡಿಸೆಂಬರ್ ೨೫ರ ಹಬ್ಬಕ್ಕೆ ಬಂದಿರುತ್ತದೆ. ಹಬ್ಬ ಬೇರೆಯಾದರೂ ತಾಯಿಯ ಲೆಕ್ಕ ಒಂದೇ.

ಈ ಸಲ ಪ್ರಶ್ನೆಯನ್ನು ಎತ್ತಿದವರು ಬೀಡಿ ಕಟ್ಟಿ ಸಂಸಾರ ಸಾಗಿಸುವ ಒಬ್ಬ ಸೋದರಿ. ಅವರಿಗೆ ಮೂವರು ಮಕ್ಕಳು. ಪತಿ ಪವರ್‌ಲೂಮಿನಲ್ಲಿ ಟಾವೆಲ್ ನೇಯುತ್ತಾರೆ. ಭಾವನವರು ಪುಣೆಯಲ್ಲಿ ನೌಕರಿಯಲ್ಲಿದ್ದು ಜಾತ್ರೆಗೆ ತಪ್ಪದೆ ಸಕುಟುಂಬ ಬರುತ್ತಾರೆ. ಹಿಂದಿನ ಸಲ ಆ ಮನೆಯ ಇಬ್ಬರು ಮಕ್ಕಳು ಕೇಳಿದ್ದನ್ನೆಲ್ಲ ಕೊಂಡರು. ಇವರ ಮೂವರು ಅಂಗಡಿಯ ಹಗ್ಗ ಹಿಡಿದು ನಿಂತು ನೋಡಿದರು. ಮರುದಿನವೇ ಸೋದರಿ ಬಚತ್ ಗಟದಿಂದ ೩,೦೦೦ ರೂಪಾಯಿ ಸಾಲ ಪಡೆದು ಬ್ಯಾಟರಿಯ ಕಾರು, ಮಾತನಾಡುವ ಗೊಂಬೆ ಮುಂತಾದುವನ್ನು ತಂದರು. ತಿಂಗಳಿಗೆ ಶೇಕಡಾ ೨ರ ಬಡ್ಡಿ, ಎಂಟು ಕಂತು. “ಕಾರು ಶಿವರಾತ್ರಿಯ ತನಕವೂ ಬಾಳಲಿಲ್ಲ, ಸಾಲ ಗಣೇಶ ಚೌತಿಯ ತನಕ ಬಾಳಿತು” ಎಂದು ಬರೆದಿದ್ದಾರೆ. ಈ ವರ್ಷ ಏನು ಮಾಡಲಿ ಎಂಬುದು ಅವರ ಪ್ರಶ್ನೆ.

ಮೊದಲು ಆ ಸಾಲದ ಲೆಕ್ಕವನ್ನೇ ನೋಡೋಣ. ಅಸಲು ಕಂತಿಗೆ ೩೭೫ ರೂಪಾಯಿಯಂತೆ ಇಳಿಯುತ್ತ ಬಂದರೆ ಬಡ್ಡಿ ಮೊದಲ ತಿಂಗಳು ೬೦, ಕೊನೆಯ ತಿಂಗಳು ಏಳೂವರೆ. ಎಲ್ಲ ಕೂಡಿ ೨೭೦ ರೂಪಾಯಿ. ಸಣ್ಣ ಮೊತ್ತವೆಂದು ತೋರಬಹುದು. ಆದರೆ ಅದು ಯಾವ ಮಗುವಿನ ಕೈಗೂ ಬರದೆ ಹೋದ ಹಣ; ಮೂವರಿಗೆ ಹಂಚಿದ್ದರೆ ತಲಾ ೯೦ ರೂಪಾಯಿಯಾಗುತ್ತಿತ್ತು. ಬೀಡಿಯ ಕೂಲಿ ಸಾವಿರಕ್ಕೆ ಇಷ್ಟೆಂದು ಸಿಗುವಂಥದು. ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ ಸಾವಿರ ಪೂರೈಸುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತದೆ. ಆಟಿಗೆಯ ಬೆಲೆಯನ್ನು ರೂಪಾಯಿಯಲ್ಲಿ ಕೇಳಿದ ಮೇಲೆ ಒಮ್ಮೆ ಬೀಡಿಯ ಕಟ್ಟುಗಳಲ್ಲಿಯೂ ಎಣಿಸಿ ನೋಡಬೇಕು. ಹೀಗೆನ್ನುವಾಗ ಮಕ್ಕಳ ಸಂತೋಷವನ್ನು ತೂಗಿ ಅಳೆಯುತ್ತೇನೆಂದು ಯಾರೂ ಭಾವಿಸಬಾರದು. ತಾಯಿಯ ಬೆನ್ನೂ ಆ ಮನೆಯದೇ ಆಸ್ತಿ.

ಜಾತ್ರೆ ಬರುವ ಕಾಲವೂ ನಮಗೆ ಅನುಕೂಲವಾದುದಲ್ಲ. ದೀಪಾವಳಿಗೆ ಬೋನಸ್ ಬಂದಿರುತ್ತದೆ. ಅದರ ಕಾಯಿದೆ ಅನ್ವಯಿಸುವಲ್ಲಿ ಅದು ವರ್ಷದ ವೇತನದ ಶೇಕಡಾ ೮.೩೩ಕ್ಕೆ, ಎಂದರೆ ಹನ್ನೆರಡರಲ್ಲಿ ಒಂದು ಪಾಲಿಗೆ ಕಡಿಮೆಯಿರದು. ಆದರೆ ಜನವರಿಯ ಹೊತ್ತಿಗೆ ಅದು ಬಟ್ಟೆಯಾಗಿ, ಫರಾಳವಾಗಿ, ಹಳೆಯ ಬಾಕಿಯಾಗಿ ಕರಗಿ ಹೋಗಿರುತ್ತದೆ. ಅಕ್ಕಲಕೋಟೆಯ ಕಡೆಯ ರೈತರ ಮನೆಯಲ್ಲಿ ತೊಗರಿಯ ರಾಶಿಯಾದರೆ ಕೈಯಲ್ಲಿ ನಾಲ್ಕು ಕಾಸು. ಬಿಳಿಜೋಳವಾದರೋ ಆಗಿನ್ನೂ ಹೊಲದಲ್ಲಿ ಸೀತನಿಯ ಹದದಲ್ಲಿ ನಿಂತಿರುತ್ತದೆ. ಇದ್ದುದರಲ್ಲಿ ಒಂದು ಅನುಕೂಲವೆಂದರೆ, ೨೦೨೩ರ ಮಾರ್ಚ್‌ನಿಂದ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಮಹಿಳೆಯರಿಗೆ ಅರ್ಧ ಟಿಕೀಟು. ೨೦೨೪ರ ಜುಲೈಯಿಂದ ‘ಮಾಝಿ ಲಾಡಕಿ ಬಹೀಣ’ ಯೋಜನೆಯಲ್ಲಿ ಅರ್ಹ ಮಹಿಳೆಯರಿಗೆ ತಿಂಗಳಿಗೆ ೧,೫೦೦ ರೂಪಾಯಿ ಬರತೊಡಗಿದ ಮೇಲೆ ಜಾತ್ರೆಯ ಖರ್ಚಿಗೆ ಅದರ ಮೇಲೆಯೇ ಮನೆಮಂದಿಯ ಕಣ್ಣು. ಆ ಹಣದಲ್ಲಿ ತಾಯಿ ತನಗೊಂದು ಕನ್ನಡಕ ಮಾಡಿಸಿಕೊಂಡ ಮೇಲೆ ಉಳಿದರೆ ಜಾತ್ರೆಗೆ ಇರಲಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೊತ್ತವನ್ನು ಗೊತ್ತುಪಡಿಸುವುದು ಜಾತ್ರೆಯೊಳಗೆ ಆಗುವ ಕೆಲಸವಲ್ಲ. ಪೀಪಿಯ ಸದ್ದು, ದೀಪದ ಝಗಮಗ, ಎಣ್ಣೆಯಲ್ಲಿ ಬೇಯುವ ಭಜಿಯ ವಾಸನೆ, ಇವುಗಳ ನಡುವೆ ಹಿರಿಯರ ಬುದ್ಧಿಯೇ ನಿಲ್ಲದು. ಎಂಟು ದಿನ ಮೊದಲೇ, ರಾತ್ರಿ ಊಟವಾದ ಮೇಲೆ, ಮಕ್ಕಳನ್ನು ಕೂಡಿಸಿಕೊಂಡು ಲೆಕ್ಕ ಮಾಡಿರಿ. ಉದಾಹರಣೆಗೆ, ಸಾಲವಿಲ್ಲದೆ ಹೊರಡಿಸಬಹುದಾದ ಹಣ ೧,೨೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಕಾಯಿಕರ್ಪೂರ, ಪಳಾರ, ಹೋಗಿಬರುವ ವೆಚ್ಚಕ್ಕೆ ೪೫೦ ಹೋಯಿತು. ಉಳಿದ ೭೫೦ರಲ್ಲಿ ಮೂವರಿಗೆ ತಲಾ ೨೦೦. ಮಿಕ್ಕ ೧೫೦ ತಾಯಿಯ ಸೆರಗಿನ ಗಂಟಿನಲ್ಲಿರಲಿ. ಈ ಅಂಕಿಗಳನ್ನು ಮಕ್ಕಳಿಂದ ಮುಚ್ಚಿಡುವ ಅಗತ್ಯವೇನೂ ಇಲ್ಲ. “ನಮ್ಮ ಕಡೆ ರೊಕ್ಕ ಇಲ್ಲ” ಎಂಬ ಮಾತು ಮಗುವನ್ನು ಹೆದರಿಸುತ್ತದೆ. “ನಿನ್ನ ಪಾಲು ಎರಡು ನೂರು” ಎಂಬ ಮಾತು ಅದನ್ನು ಯೋಚನೆಗೆ ಹಚ್ಚುತ್ತದೆ. ಮೂರನೆಯ ಇಯತ್ತೆಯ ಹುಡುಗಿಗೆ ಎರಡು ನೂರನ್ನು ತೊಟ್ಟಿಲು, ಫುಗ್ಗಾ, ಐಸ್‌ಕ್ರೀಮುಗಳಲ್ಲಿ ಹೇಗೆ ಕೂಡಿಸಬೇಕೆಂಬುದು ಶಾಲೆಯ ಗಣಿತಕ್ಕಿಂತ ಬೇಗ ತಿಳಿಯುತ್ತದೆ.

ಕೊಡುವುದನ್ನು ನೋಟು ನಾಣ್ಯಗಳಲ್ಲಿಯೇ, ಮಗುವಿನ ಕೈಗೇ ಕೊಡಬೇಕು. ಈಗ ಬೆಂಡು ಬತ್ತಾಸಿನ ಅಂಗಡಿಯಲ್ಲಿಯೂ ಮೊಬೈಲು ತೋರಿಸಿದರೆ ಹಣ ಸಂದಾಯವಾಗುತ್ತದೆ. ತಂದೆ ಮೊಬೈಲು ಹಿಡಿಯುತ್ತಾನೆ, ಠಣ್ ಎಂದು ಸದ್ದಾಗುತ್ತದೆ, ವಸ್ತು ಕೈಗೆ ಬರುತ್ತದೆ; ಏನು ಖರ್ಚಾಯಿತು, ಏನು ಉಳಿಯಿತು ಎಂಬುದು ಮಗುವಿನ ಕಣ್ಣಿಗೆ ಕಾಣದು. ಬೇಡಿದಷ್ಟೂ ಬರುತ್ತದೆಂದು ಅದು ತಿಳಿದರೆ ತಪ್ಪು ಅದರದಲ್ಲ.

ಕೈಗೆ ಹಣ ಕೊಡುವುದು ಒಣ ವ್ಯವಹಾರವಲ್ಲವೆ ಎಂದು ಕೆಲವರು ಕೇಳಬಹುದು. ಅಮೇರಿಕೆಯ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಎಂಬವರು ಕ್ರಿಸ್‌ಮಸ್ಸಿನ ಉಡುಗೊರೆಗಳ ಕುರಿತು ೧೯೯೩ರಲ್ಲಿ ಒಂದು ಲೇಖನ ಪ್ರಕಟಿಸಿದರು. ನಿಮಗೆ ಬಂದ ವಸ್ತುವಿಗೆ ನೀವೇ ಕಟ್ಟುವ ಬೆಲೆ ಎಷ್ಟು ಎಂದು ವಿದ್ಯಾರ್ಥಿಗಳನ್ನು ಕೇಳಿದಾಗ, ಕೊಟ್ಟವರು ತೆತ್ತ ಬೆಲೆಗಿಂತ ಅದು ಹತ್ತರಲ್ಲಿ ಒಂದು ಪಾಲಿನಿಂದ ಮೂರರಲ್ಲಿ ಒಂದು ಪಾಲಿನವರೆಗೆ ಕಡಿಮೆಯಿತ್ತು. ದೂರವಿರುವ ಅಜ್ಜ ಅಜ್ಜಿ, ಕಾಕಾ, ಅತ್ತೆಯರು ತಂದ ವಸ್ತುಗಳಲ್ಲಿ ಈ ನಷ್ಟ ಹೆಚ್ಚು. ಬಹುಶಃ ಅದನ್ನರಿತೇ ಅವರು ನಗದು ಕೊಡುವುದೂ ಹೆಚ್ಚು. ಭಾವನೆಯ ಬೆಲೆಯನ್ನು ಬದಿಗಿಟ್ಟು ಹೇಳಿರೆಂದು ಆ ಪ್ರಶ್ನೆಯಲ್ಲಿ ಸೂಚನೆಯಿತ್ತೆನ್ನಿ. ಅದನ್ನು ಬದಿಗಿಟ್ಟ ಮೇಲೆ ಉಡುಗೊರೆಯಲ್ಲಿ ಉಳಿಯುವುದಾದರೂ ಏನು ಎಂದು ನಮ್ಮ ಅಜ್ಜಿಯರು ನಕ್ಕಾರು. ಆದರೂ ಪುಣೆಯಿಂದ ಬರುವ ಕಾಕಾನಿಗೆ ಆ ಲೇಖನದಲ್ಲೊಂದು ಮಾತಿದೆ: ಅಣ್ಣತಮ್ಮಂದಿರ ಮಕ್ಕಳಿಗೆ ಏನು ಬೇಕೆಂದು ವರ್ಷಕ್ಕೊಮ್ಮೆ ನೋಡುವವನಿಗೆ ತಿಳಿಯುವುದು ಕಷ್ಟ.

ಇನ್ನು ಪತ್ರದ ನಿಜವಾದ ಮುಳ್ಳಿಗೆ ಬರೋಣ. ಸೋದರಿಗೆ ನೋವಾದುದು ಬಡತನದಿಂದಲ್ಲ, ಒಂದೇ ಮನೆಯ ಐವರು ಮಕ್ಕಳಲ್ಲಿ ಇಬ್ಬರು ಕೊಂಡು ಮೂವರು ನೋಡಿದ್ದರಿಂದ. ಕೂಡುಕುಟುಂಬದ ದಿನಗಳಲ್ಲಿ ಇದಕ್ಕೊಂದು ಉಪಾಯವಿತ್ತು. ದುಡಿದವರೆಲ್ಲ ಹಿರಿಯಳ ಕೈಗೆ ರೊಕ್ಕ ಕೊಡುತ್ತಿದ್ದರು. ಜಾತ್ರೆಯ ದಿನ ಆಕೆ ಚಂಚಿ ಬಿಚ್ಚಿ ಎಲ್ಲ ಮಕ್ಕಳಿಗೂ ಸಮನಾಗಿ ಹಂಚುತ್ತಿದ್ದಳು. ಯಾರ ಕಾಸು ಯಾರ ಕೈಗೆ ಬಂತೆಂದು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಕ್ರಿಸ್‌ಮಸ್ಸಿನ ಕೆಂಪು ಅಂಗಿಯ ಮುದುಕನ ಮೂಲವೆಂದು ಹೇಳುವ ಸಂತ ನಿಕೋಲಾಸನ ಕಥೆಯೂ ಇಂಥದೇ. ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಸ್ಥಾನಕ್ಕೆ ಸೇರಿದ ಮೈರಾ ಎಂಬ ಊರಿನಲ್ಲಿ ಬಿಷಪ್ಪನಾಗಿದ್ದವನು ಆತ. ಮೂವರು ಹೆಣ್ಣುಮಕ್ಕಳ ಮದುವೆ ಮಾಡಲಾರದೆ ಕಂಗೆಟ್ಟಿದ್ದ ಬಡ ತಂದೆಯ ಮನೆಯ ಕಿಟಕಿಯಿಂದ ರಾತ್ರಿ ಹೊತ್ತು ಹೊನ್ನಿನ ಚೀಲ ಎಸೆದು ಮರೆಯಾದನೆಂದು ಐತಿಹ್ಯ. ಹಗಲಲ್ಲಿ ಬಂದು ಕೊಟ್ಟಿದ್ದರೆ ಪಡೆದವರು ತಲೆ ತಗ್ಗಿಸಬೇಕಾಗುತ್ತಿತ್ತು. ಅಜ್ಜಿಯ ಚಂಚಿಯೂ ಆ ಕತ್ತಲೆಯ ಕೆಲಸವನ್ನೇ ಮಾಡುತ್ತಿತ್ತು.

ಆದ್ದರಿಂದ ಈ ವರ್ಷ ಭಾವನವರು ಬಂದಿಳಿದ ದಿನವೇ, ಮಕ್ಕಳಿಲ್ಲದ ಹೊತ್ತಿನಲ್ಲಿ, ಅತ್ತೆಯವರ ಮುಂದೆ ಈ ಮಾತು ತೆಗೆಯಿರಿ. “ಅತ್ತಿ, ಈ ಆರನೂರು ನಿಮ್ಮ ಕೈಯಾಗ ಇರ್ಲಿ. ಭಾವನ್ನೋರೂ ತಮ್ಮ ಇಬ್ಬರದು ನಿಮಗ ಕೊಡ್ಲಿ. ಐದೂ ಮಕ್ಕಳಿಗೆ ನೀವ ಹಂಚ್ರಿ” ಎಂದರೆ ಸಾಕು. ತಲೆಗೆ ಎಷ್ಟೆಂಬುದನ್ನು ಕಡಿಮೆ ಇರುವ ಮನೆಯ ಶಕ್ತಿ ನಿರ್ಧರಿಸಬೇಕು. ಹೆಚ್ಚಿರುವವರು ಪುಣೆಗೆ ಮರಳಿದ ಮೇಲೆ ತಮ್ಮ ಮಕ್ಕಳಿಗೆ ಏನು ಕೊಡಿಸಿದರೂ ನಮ್ಮ ಅಡ್ಡಿಯಿಲ್ಲ. ಭಾವನವರನ್ನು ಬಡಾಯಿಗಾರರೆಂದು ತಿಳಿಯುವುದೂ ನ್ಯಾಯವಲ್ಲ. ಹನ್ನೊಂದು ತಿಂಗಳು ಊರು ಬಿಟ್ಟಿದ್ದವನಿಗೆ ನಾಲ್ಕು ದಿನದಲ್ಲಿ ಎಲ್ಲವನ್ನೂ ಕೊಟ್ಟುಬಿಡಬೇಕೆನ್ನಿಸುತ್ತದೆ. ಕೊಡಲೇಬೇಕೆಂದಿದ್ದರೆ ಐವರನ್ನೂ ಒಟ್ಟಿಗೆ ತೊಟ್ಟಿಲಿನಲ್ಲಿ ಕೂರಿಸಲಿ.

ಹೆಣ್ಣುಮಕ್ಕಳ ಪಾಲಿನ ಬಗ್ಗೆ ಒಂದು ಮಾತನ್ನು ಖಂಡಿತವಾಗಿ ಹೇಳಬೇಕಾಗಿದೆ. ಹುಡುಗನಿಗೆ ಬಂದೂಕು, ತೊಟ್ಟಿಲು, ಮರಣಬಾವಿಯ ಮೋಟಾರುಸೈಕಲ್ಲಿನ ಆಟ; ಹುಡುಗಿಗೆ ಬಳೆ, ಟಿಕಳಿ, ಕೂದಲಿನ ಪಿನ್ನು. ಕೊನೆಗೆ ಇಬ್ಬರಿಗೂ ಕೊಡಿಸಿದ್ದಾಯಿತು ಎಂಬ ಲೆಕ್ಕ. ಬಳೆ ಸಂಕ್ರಾಂತಿಯ ಖರ್ಚಿಗೆ ಸೇರಿದುದು, ಮಗನ ಬಾರಾಬಂದಿ ಹೇಗೋ ಹಾಗೆ. ಅಣ್ಣನ ಬಾರಾಬಂದಿ ತಮ್ಮನಿಗೆ ಬರುತ್ತದೆ. ಅಕ್ಕನ ಬಳೆ ತಂಗಿಗೆ ಬರುವಷ್ಟರಲ್ಲಿ ಒಡೆದಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಅವಳ ಎರಡು ನೂರು ಅವಳದೇ ಇರಲಿ. ಅದರಲ್ಲಿ ಆಕೆ ಬಂದೂಕನ್ನೇ ಕೊಂಡರೆ ಕೊಳ್ಳಲಿ.

ಕೊಟ್ಟ ಮೇಲೆ ಕೊಳ್ಳುವ ವಿಷಯದಲ್ಲಿ ಬಾಯಿ ಹಾಕಬಾರದು. ಇದೇ ನಮಗೆ ಕಠಿಣ. ಅರ್ಧ ಗಂಟೆಯಲ್ಲಿ ಒಡೆಯುವ ಫುಗ್ಗಾಕ್ಕೆ ಮಗು ಐವತ್ತು ರೂಪಾಯಿ ತೆತ್ತರೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಆ ಐವತ್ತರ ಅಳು ಒಮ್ಮೆಗೆ ಮುಗಿಯುತ್ತದೆ. ಅಳುವಿಗೆ ಮಣಿದು ಎರಡನೆಯ ಸಲ ಕೊಟ್ಟಿರೋ, ಎಂಟು ದಿನ ಕೂತು ಮಾಡಿದ ಲೆಕ್ಕ ನೀರ ಮೇಲಿನ ಬರಹವಾಯಿತು.

ಮಕ್ಕಳಿಗೆ ಬೇಡುವುದೊಂದೇ ಗೊತ್ತೆಂದು ನಾವು ತಿಳಿದಿರುತ್ತೇವೆ. ಯಾರ ಜಾತ್ರೆಗೆ ಹೊರಟಿದ್ದೇವೆಯೋ ಆ ಸಿದ್ಧರಾಮನ ಬಾಲ್ಯದ ಕಥೆಯನ್ನು ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಹೇಳಿದ್ದಾನೆ. ಹೊಲ ಕಾಯುತ್ತಿದ್ದ ಹುಡುಗನ ಬಳಿಗೆ ಜಂಗಮನ ರೂಪದಲ್ಲಿ ಮಲ್ಲಯ್ಯ ಬಂದ, ಎಳೆಯ ತೆನೆ ಬೇಡಿ ತಿಂದ, ಬಳಿಕ ಮಜ್ಜಿಗೆಯನ್ನ ಬೇಕೆಂದ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಅತಿಥಿ ಇಲ್ಲ. ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತ ಶ್ರೀಶೈಲದವರೆಗೂ ಹೋದ. ಮುಂದೆ ಆತ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದು, ಇಂದಿಗೂ ಅವನ ಜಾತ್ರೆಯ ವಿಧಿಗಳ ಹೆಸರನ್ನು ಮರಾಠಿ ಮಾತಿನವರೂ ಎಣ್ಣೆಮಜ್ಜನವೆಂದು ಕನ್ನಡದಲ್ಲಿಯೇ ಕರೆಯುವುದು ಎಲ್ಲರಿಗೂ ಗೊತ್ತಿದೆ. ನನಗೆ ಮಾತ್ರ ಆ ಓಡುವ ಹುಡುಗನೇ ಕಣ್ಣಿಗೆ ಕಟ್ಟುತ್ತಾನೆ. ಕೈಯಲ್ಲಿ ಸ್ವಂತದ ಕಾಸಿರುವ ಮಗು ಜಾತ್ರೆಯಿಂದ ಬರುವಾಗ ಅಜ್ಜಿಗೆ ಹಲ್ಲಿಗೆ ಹಗುರಾದ ಬತ್ತಾಸನ್ನೋ, ಅವ್ವನಿಗೆ ಸೇಫ್ಟಿ ಪಿನ್ನಿನ ಗೊಂಚಲನ್ನೋ ಕೊಳ್ಳುವುದನ್ನು ನೀವೂ ಕಂಡಿರಬಹುದು. ನಾವೇ ಎಲ್ಲವನ್ನೂ ಕೊಡಿಸುತ್ತ ಹೋದರೆ ಅದಕ್ಕೆ ಆ ಅವಕಾಶವಿಲ್ಲ.

ಪತ್ರ ಬರೆದ ಸೋದರಿಗೆ ಮತ್ತೊಂದು ಸೂಚನೆ. ಶೋಭೆಯ ಮದ್ದು ಸುಡುವ ರಾತ್ರಿ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಆಕಾಶ ನೋಡಲು ಟಿಕೀಟಿಲ್ಲ. ಚಿಕ್ಕವನ ಅಂಗಿಯ ಕಿಸೆಯಲ್ಲಿ ನಿಮ್ಮ ಮೊಬೈಲು ನಂಬರು ಬರೆದ ಚೀಟಿ ಇಡಿರಿ. ಮದ್ದು ಮುಗಿದೊಡನೆ ಜನವೆಲ್ಲ ಒಮ್ಮೆಲೇ ಏಳುತ್ತದೆ, ಆಟೋದವರು ಬಾಯಿಗೆ ಬಂದ ಬಾಡಿಗೆ ಕೇಳುತ್ತಾರೆ. ಸೆರಗಿನ ಗಂಟಿನ ಆ ೧೫೦ನ್ನು ಅಲ್ಲಿಯವರೆಗೆ ಬಿಚ್ಚಬೇಡಿರಿ.