ಪಾಂಡುರಂಗ ಎಂಬ ಊರು

ವಿಯೆಟ್ನಾಮಿಗೆ ಹೋಗಿಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿ. ಹನೋಯ್‌ನ ಹಳೇಪೇಟೆ, ಹಾ ಲಾಂಗ್ ಕೊಲ್ಲಿಯ ದೋಣಿ, ಹೋಯ್ ಆನ್‌ನ ಬಣ್ಣದ ಲಾಟೀನು, ದಾ ನಾಂಗ್ ಬಳಿ ಎರಡು ಕೈಗಳು ಎತ್ತಿ ಹಿಡಿದಂತಿರುವ ಸೇತುವೆ, ಕೊನೆಗೆ ಹೊ ಚಿ ಮಿನ್ ನಗರದ ಪಕ್ಕದ ಕು ಚಿ ಸುರಂಗ. ಪಟ್ಟಿ ಹೆಚ್ಚುಕಡಿಮೆ ಒಂದೇ. ಆರು ಹಗಲು, ಐದು ರಾತ್ರಿಯ ಪ್ರವಾಸದಲ್ಲಿ ಇದಕ್ಕಿಂತ ಹೆಚ್ಚು ಹಿಡಿಯುವುದೂ ಇಲ್ಲ. ದಾ ನಾಂಗ್‌ನಿಂದ ಹೊ ಚಿ ಮಿನ್ ನಗರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ ಹಾರಿಬಿಡುವುದರಿಂದ ನಡುವಿನ ಒಂಬೈನೂರು ಚಿಲ್ಲರೆ ಕಿಲೋಮೀಟರ್ ನಾಡು ಪ್ರವಾಸಿಗೆ ಬರೀ ಮೋಡವಾಗಿಯೇ ಉಳಿಯುತ್ತದೆ. ಆ ಮೋಡದ ಕೆಳಗಿನ ಮೂರು ಊರುಗಳ ಸಂಗತಿ ಈ ವಾರ.

ಈ ಊರುಗಳನ್ನು ನೋಡಬೇಕೆಂದರೆ ರೈಲು ಹತ್ತುವುದೇ ಸರಿ. ಹನೋಯ್‌ನಿಂದ ಹೊ ಚಿ ಮಿನ್ ನಗರಕ್ಕೆ 1,726 ಕಿ.ಮೀ. ಉದ್ದದ ಹಳಿ. ಫ್ರೆಂಚರು ಹಾಕತೊಡಗಿದ ಇದು ಪೂರ್ತಿಯಾದದ್ದು 1936ರಲ್ಲಿ. ಯುದ್ಧದಲ್ಲಿ ತುಂಡುತುಂಡಾಗಿದ್ದನ್ನು ಜೋಡಿಸಿ 1976ರ ಕೊನೆಗೆ ಮತ್ತೆ ಗಾಡಿ ಓಡಿಸಿದರು. ಇಂದಿಗೂ ಅದು ಮೀಟರ್ ಗೇಜ್. ಅರಸೀಕೆರೆ, ಬೀರೂರು, ಹುಬ್ಬಳ್ಳಿಯ ಹಳೆಯ ಗಾಡಿಗಳ ಕುಲುಕಾಟವನ್ನು ಮೈ ಮರೆತಿಲ್ಲದವರಿಗೆ ಆ ಬೋಗಿಗಳಲ್ಲಿ ತಟ್ಟನೆ ನಿದ್ದೆ ಬರುತ್ತದೆ.

ಹೊ ಚಿ ಮಿನ್ ನಗರದಿಂದ ಉತ್ತರಕ್ಕೆ ಸುಮಾರು 320 ಕಿ.ಮೀ. ಬಂದರೆ ಫಾನ್ ರಾಂಗ್. ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ. ಇದು ಪಾಂಡುರಂಗ. ಚಾಮ್ ಜನರ ಚಂಪಾ ಎಂಬ ಹಳೆಯ ರಾಜ್ಯದ ದಕ್ಷಿಣದ ನಾಡಿಗೆ ಶಾಸನಗಳಲ್ಲಿರುವ ಹೆಸರು ಅದೇ. ಅಮರಾವತಿ, ವಿಜಯ, ಕೌಠಾರ, ಪಾಂಡುರಂಗ ಎಂದು ಕಡಲಂಚಿಗೆ ಸಾಲಾಗಿದ್ದ ನಾಡುಗಳಲ್ಲಿ ಕಟ್ಟಕಡೆಯವರೆಗೆ ಉಳಿದುಕೊಂಡದ್ದೂ ಇದೇ. ವಿಯೆಟ್ನಾಮಿನ ಚಕ್ರವರ್ತಿ ಮಿನ್ ಮಾಂಗ್ 1832ರಲ್ಲಿ ಇದನ್ನು ನುಂಗಿಹಾಕಿದ. ನಮ್ಮಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮೀಷನರ ಕೈಗೆ ಹೋದದ್ದು ಅದಕ್ಕೆ ಒಂದು ವರ್ಷ ಮೊದಲು. ಪಂಢರಪುರದ ವಿಠ್ಠಲನನ್ನು ಮಾತ್ರ ಇಲ್ಲಿಗೆ ಎಳೆದು ತರುವುದು ಬೇಡ. ಇಲ್ಲಿಯ ಗುಡಿಗಳ ದೇವರು ಶಿವ.

ರೈಲು ನಿಲ್ದಾಣದಿಂದ ಕೂಗಳತೆ ದೂರದಲ್ಲಿ ಒಂದು ಬೋಳು ಗುಡ್ಡ. ಅದರ ಹೆಸರಿನ ಅರ್ಥ ವೀಳ್ಯದೆಲೆಯ ಗುಡ್ಡ ಎಂದು. ಅದರ ನೆತ್ತಿಯಲ್ಲಿ ಕೆಂಪು ಇಟ್ಟಿಗೆಯ ಪೊ ಕ್ಲೋಂಗ್ ಗರಾಯ್ ಗೋಪುರಗಳಿವೆ. ಹದಿಮೂರನೆಯ ಶತಮಾನದ ಕೊನೆ, ಹದಿನಾಲ್ಕರ ಆರಂಭದಲ್ಲಿ ಮೂರನೆಯ ಜಯಸಿಂಹವರ್ಮ ಕಟ್ಟಿಸಿದ್ದು. ಬಾಗಿಲ ಮೇಲೆ ನಾಟ್ಯದ ಶಿವ, ಒಳಗೆ ನಂದಿ, ಗರ್ಭಗುಡಿಯಲ್ಲಿ ಮುಖಲಿಂಗ. ಇಲ್ಲಿಯವರೆಗೆ ನಮಗೆ ಎಲ್ಲವೂ ಗೊತ್ತಿದ್ದದ್ದೇ. ಆದರೆ ಲಿಂಗದ ಮೇಲಿನ ಮುಖ ಪೊ ಕ್ಲೋಂಗ್ ಗರಾಯ್ ಎಂಬ ರಾಜನದು. ಕುಷ್ಠದಿಂದ ಬಳಲಿ ಗುಣವಾದವನು, ಅಣೆಕಟ್ಟು ಕಟ್ಟಿಸಿ ಕಾಲುವೆ ತೋಡಿಸಿ ಒಣ ನೆಲಕ್ಕೆ ನೀರು ತಂದವನು ಎಂದು ಐತಿಹ್ಯ. ವಿಯೆಟ್ನಾಮಿನಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಯಿದು. ಉಪ್ಪಿನ ಗದ್ದೆ, ಕುರಿ ಮೇಕೆ, ದ್ರಾಕ್ಷಿ ಚಪ್ಪರ ಇಲ್ಲಿಯ ಬದುಕು. ವಿಜಾಪುರದವರಿಗೆ ಊರಿನ ನೆನಪಾಗುತ್ತದೆ. ಇಂಥ ಕಡೆ ನೀರು ತಂದವನು ದೇವರಾಗುವುದು ಸಹಜ.

ಆಗ್ನೇಯ ಏಷ್ಯಾದ ಹಳೆಯ ಶಿವಾಲಯಗಳಲ್ಲಿ ಬಹುಪಾಲು ಇಂದು ಪುರಾತತ್ತ್ವ ಇಲಾಖೆಗಳ ಸ್ವತ್ತು. ಪೊ ಕ್ಲೋಂಗ್ ಗರಾಯ್ ಹಾಗಲ್ಲ, ಇಲ್ಲಿ ಪೂಜೆ ನಿಂತಿಲ್ಲ. ಚಾಮ್ ಪಂಚಾಂಗದ ಏಳನೆಯ ತಿಂಗಳ ಮೊದಲ ದಿನ, ಅಂದರೆ ಸಾಮಾನ್ಯವಾಗಿ ಅಕ್ಟೋಬರಿನಲ್ಲಿ, ಕತೆ ಎಂಬ ಹಬ್ಬ. ದೇವರ ಉಡುಪು ಇರುವುದು ಬೆಟ್ಟದ ರಾಗ್ಲಾಯ್ ಜನರ ವಶದಲ್ಲಿ. ಅವರು ಅದನ್ನು ಹೊತ್ತು ಇಳಿದು ಬಂದು ಒಪ್ಪಿಸಬೇಕು. ಆಮೇಲೆ ಬಾಗಿಲು ತೆರೆಯುವುದು, ಲಿಂಗಕ್ಕೆ ಮಜ್ಜನ, ಉಡುಪು ತೊಡಿಸುವುದು, ನೈವೇದ್ಯ. ಜೊತೆಗೆ ಡೋಲು, ಆಮೆ ಚಿಪ್ಪಿನ ಎರಡು ತಂತಿಯ ಪಿಟೀಲು, ಮತ್ತೆ ಊದುವ ವಾದ್ಯವೊಂದು. ಅದರ ಹೆಸರು ಸರನಾಯ್. ಶಹನಾಯಿಯ ನೆಂಟನೆಂದು ಬೇರೆ ಹೇಳಬೇಕಾಗಿಲ್ಲ.

2019ರ ಜನಗಣತಿಯಂತೆ ವಿಯೆಟ್ನಾಮಿನಲ್ಲಿ ಚಾಮ್ ಜನ ಸುಮಾರು 1,79,000. ಫಾನ್ ರಾಂಗ್ ಸುತ್ತಿನವರಲ್ಲಿ ಒಂದು ಪಂಗಡ ಬಾಲಾಮೊನ್, ಅಂದರೆ ಬ್ರಾಹ್ಮಣ ಮತದವರು. ಇವರು ದನದ ಮಾಂಸ ಮುಟ್ಟುವುದಿಲ್ಲ. ಇನ್ನೊಂದು ಪಂಗಡ ಬಾನಿ. ಇವರದು ಸ್ಥಳೀಯ ರೂಪ ತಾಳಿದ ಇಸ್ಲಾಂ, ಹಂದಿ ಮುಟ್ಟುವುದಿಲ್ಲ. ಎರಡೂ ಪಂಗಡಗಳು ತಮ್ಮನ್ನು ಒಂದು ಜೋಡಿ ಎಂದೇ ಎಣಿಸುತ್ತವೆ. ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂ ಕಂಡವರಿಗೆ ಇದನ್ನು ವಿವರಿಸಿ ಹೇಳುವುದು ಬೇಕಿಲ್ಲ. ವಂಶ ಎಣಿಸುವುದು ತಾಯಿಯ ಕಡೆಯಿಂದ, ಆಸ್ತಿ ಹೆಣ್ಣುಮಕ್ಕಳಿಗೆ. ತುಳುನಾಡಿನವರು ಇದನ್ನು ತಮ್ಮ ಅಳಿಯಸಂತಾನದೊಡನೆ ಹೋಲಿಸಿ ನೋಡಬಹುದು.

ಊರಿನಿಂದ ಸುಮಾರು ಹತ್ತು ಕಿ.ಮೀ. ದೂರದ ಬಾವ್ ಟ್ರುಕ್ ಹಳ್ಳಿಯಲ್ಲಿ ಮಡಕೆ ಮಾಡುವವರೂ ಹೆಂಗಸರೇ. ತಿಗರಿ ಇಲ್ಲ. ಮಣ್ಣಿನ ಮುದ್ದೆಯನ್ನು ದಿಮ್ಮಿಯ ಮೇಲಿಟ್ಟು, ಸೊಂಟ ಬಾಗಿಸಿ, ತಾವೇ ಅದರ ಸುತ್ತ ಹಿಮ್ಮುಖವಾಗಿ ಸುತ್ತುತ್ತ ಆಕಾರ ಕೊಡುತ್ತಾರೆ. ಬಯಲಲ್ಲೇ ಹುಲ್ಲು, ಸೌದೆ ಒಟ್ಟಿ ಸುಡುತ್ತಾರೆ. 2022ರಲ್ಲಿ ಯುನೆಸ್ಕೊ ಈ ಕಲೆಯನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರುವುದು ಗೌರವ ಹೌದು. ಆದರೆ ಯಾವ ಪಟ್ಟಿ ಎಂಬುದನ್ನೂ ನೋಡಬೇಕು. ಈ ಪಟ್ಟಿಗೆ ಸೇರಿತೆಂದರೆ ಕಲಿಯಲು ಮಕ್ಕಳು ಬರುತ್ತಿಲ್ಲ ಎಂದರ್ಥ.

ಉತ್ತರಕ್ಕೆ ಇನ್ನಷ್ಟು ಸಾಗಿ ದಿಯೆವ್ ಚಿ ನಿಲ್ದಾಣದಲ್ಲಿ ಇಳಿದರೆ ಹತ್ತು ಹನ್ನೆರಡು ಕಿ.ಮೀ. ಆಚೆ ಕಡಲ ದಂಡೆಯಲ್ಲಿ ಕ್ವಿ ನ್ಯೋನ್. ಇದು ಹಳೆಯ ವಿಜಯ ನಾಡು. ಊರ ಬೀದಿಯ ಬದಿಯ ಉದ್ಯಾನದಲ್ಲಿ ಹನ್ನೆರಡನೆಯ ಶತಮಾನದ ಜೋಡಿ ಗೋಪುರಗಳಿವೆ; ಸುತ್ತ ಸ್ಕೂಟರುಗಳ ಗದ್ದಲ. 1471ರಲ್ಲಿ ವಿಯೆಟ್ನಾಮಿನ ದೊರೆ ಲೆ ಥಾನ್ ತೋಂಗ್ ವಿಜಯದ ರಾಜಧಾನಿಯನ್ನು ಕೆಡವಿದ. ನಮ್ಮ ವಿಜಯನಗರದಲ್ಲಿ ಸಂಗಮರ ಕೊನೆಗಾಲ ಅದು. ಬೀದರಿನಲ್ಲಿ ಗವಾನನ ಮದರಸಾ ಏಳುತ್ತಿತ್ತು. ಹಂಪಿ ಹಾಳಾಗಲು ಇನ್ನೂ ತೊಂಬತ್ತನಾಲ್ಕು ವರ್ಷವಿತ್ತು. ಹಂಪಿ ಹಾಳಾದ ಮೇಲೂ ಅದನ್ನು ಕಟ್ಟಿದವರ ಭಾಷೆ ಸುತ್ತಲಿನ ಸಂತೆಗಳಲ್ಲಿ ಉಳಿಯಿತು. ಕ್ವಿ ನ್ಯೋನ್ ಪೇಟೆಯಲ್ಲಿ ಇಂದು ಕೇಳುವುದು ವಿಯೆಟ್ನಾಮಿ ಭಾಷೆ. ಗೋಪುರ ನಿಂತಿದೆ, ಅದರ ಸುತ್ತಿನ ಮಾತು ಹೋಗಿದೆ. ಈ ಊರನ್ನೂ ಫಾನ್ ರಾಂಗನ್ನೂ ಒಂದರ ಬೆನ್ನಿಗೆ ಒಂದು ನೋಡಿದಾಗ ಮಾತ್ರ ಇದು ಮನಸ್ಸಿಗೆ ತಾಗುತ್ತದೆ. ಬರೀ ಸಮುದ್ರ ನೋಡಲು ಹೋದವರಿಗೂ ಕ್ವಿ ನ್ಯೋನ್ ನಿರಾಸೆ ಮಾಡುವುದಿಲ್ಲ. ಕವಿ ಹಾನ್ ಮಾಕ್ ತು 1940ರಲ್ಲಿ ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಇಲ್ಲಿಯ ಕುಷ್ಠಾಲಯದಲ್ಲಿ. ಸಮಾಧಿ ಕಡಲಿಗೆ ಮುಖ ಮಾಡಿದ ಗುಡ್ಡದ ಮೇಲಿದೆ.

ಮೂರನೆಯ ಊರಿಗೆ ರೈಲಿಲ್ಲ. ಕಡಲು ಬಿಟ್ಟು ಘಟ್ಟ ಹತ್ತಿ ಬಸ್ಸಿನಲ್ಲಿ ಹೋಗಬೇಕು. ಅದು ಬುವೋನ್ ಮಾ ಥುವೋತ್. ಎಡೆ ಎಂಬ ಜನರ ಭಾಷೆಯಲ್ಲಿ ಥುವೋತನ ಅಪ್ಪನ ಹಳ್ಳಿ ಎಂದರ್ಥ. ಎಡೆ ಭಾಷೆ ಚಾಮ್ ಭಾಷೆಯ ಹತ್ತಿರದ ಸಂಬಂಧಿ. ಇಲ್ಲಿಯೂ ತಾಯಿಯ ವಂಶವೇ. ಮಗಳು ಮದುವೆಯಾದರೆ ಅಳಿಯ ಬರುತ್ತಾನೆ, ಉದ್ದನೆಯ ಮರದ ಮನೆಗೆ ಇನ್ನೊಂದು ಅಂಕಣ ಸೇರುತ್ತದೆ. 1975ರ ಮಾರ್ಚ್ 10ರಂದು ಈ ಊರಿನ ಮೇಲೆ ಬಿದ್ದ ಏಟಿನಿಂದಲೇ ದಕ್ಷಿಣ ವಿಯೆಟ್ನಾಂ ಕುಸಿಯತೊಡಗಿತು. ಎರಡು ತಿಂಗಳು ತುಂಬುವ ಮೊದಲೇ ಸೈಗಾನ್ ಬಿತ್ತು.

ಕೊಡಗು, ಹಾಸನ, ಚಿಕ್ಕಮಗಳೂರಿನವರಿಗೆ ಈ ಊರಿನ ಹೆಸರು ಗೊತ್ತಿರದಿದ್ದರೂ ಅದರ ಬಿಸಿ ಗೊತ್ತು. ಇದು ರೊಬಸ್ಟಾ ಕಾಫಿಯ ರಾಜಧಾನಿ. 1986ರ ಆರ್ಥಿಕ ಸುಧಾರಣೆಯ ನಂತರ ಇಲ್ಲಿಯ ಕೆಂಪು ಮಣ್ಣಿನಲ್ಲಿ ಕಾಫಿ ಎಷ್ಟು ವೇಗವಾಗಿ ಹಬ್ಬಿತೆಂದರೆ ಹದಿನೈದು ವರ್ಷದೊಳಗೆ ವಿಯೆಟ್ನಾಂ ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಬಂತು. ಶತಮಾನದ ತಿರುವಿನಲ್ಲಿ ಬೆಲೆ ನೆಲ ಕಚ್ಚಿ ನಮ್ಮ ಬೆಳೆಗಾರರು ಸಾಲಕ್ಕೆ ಬಿದ್ದದ್ದರ ಹಿಂದೆ ಈ ಮಣ್ಣಿನ ಪಾಲು ದೊಡ್ಡದು. 2024ರಲ್ಲಿ ಇಲ್ಲಿ ಬರ ಬಿದ್ದಾಗ ರೊಬಸ್ಟಾ ಬೆಲೆ ದಾಖಲೆ ಮುಟ್ಟಿತು. ಮಡಿಕೇರಿಯಲ್ಲಿ ಮುಗುಳ್ನಗೆ ಮೂಡಿತು. ಅಲ್ಲಿಯ ಬಾವಿ ಬತ್ತಿದರೆ ಇಲ್ಲಿ ಹಬ್ಬ, ಅಲ್ಲಿ ಸುಗ್ಗಿಯಾದರೆ ಇಲ್ಲಿ ಸೂತಕ. ಒಬ್ಬರನ್ನೊಬ್ಬರು ನೋಡದ ಎರಡು ಊರುಗಳ ನಡುವಿನ ನಂಟು ಇಂಥದ್ದು. ಅಲ್ಲಿಯ ತೋಟದಲ್ಲಿ ನಿಂತಾಗ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಈ ನೆಲ ಮೊದಲು ಯಾರದ್ದು? ಬಯಲು ಸೀಮೆಯಿಂದ ಬಂದು ನೆಲೆಸಿದವರ ನಡುವೆ ಎಡೆ ಜನ ಅಲ್ಪಸಂಖ್ಯಾತರಾದರು. 2001 ಮತ್ತು 2004ರಲ್ಲಿ ಬೆಟ್ಟದ ಜನ ನೆಲಕ್ಕಾಗಿ ಬೀದಿಗಿಳಿದಿದ್ದರು.

ಇಂಥ ಊರುಗಳಲ್ಲಿ ನಮ್ಮವರ ಬಾಯಲ್ಲಿ ಮೊದಲು ಬರುವ ಮಾತು ‘ಇದೆಲ್ಲ ನಮ್ಮದೇ’ ಎಂಬುದು. ನಮ್ಮ ಪುರಾತತ್ತ್ವ ಇಲಾಖೆ ಮೀ ಸನ್ ಗುಡಿಗಳನ್ನು ದುರಸ್ತಿ ಮಾಡುತ್ತಿದ್ದಾಗ 2020ರ ಮೇ ತಿಂಗಳಲ್ಲಿ ಒಂಬತ್ತನೆಯ ಶತಮಾನದ ಶಿವಲಿಂಗ ಸಿಕ್ಕಿತು. ಆಗಲೂ ಈ ಮಾತು ಜೋರಾಗಿ ಕೇಳಿಬಂತು. ದುರಸ್ತಿಗೆ ಭಾರತ ಕೈ ನೀಡಿದ್ದು ಹೆಮ್ಮೆಯ ಸಂಗತಿಯೇ. ಆದರೆ ಮೀ ಸನ್‌ನಿಂದ ಹೆಚ್ಚು ದೂರವಿಲ್ಲದ ಕಡೆ ಸಿಕ್ಕ, ನಾಲ್ಕನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಶಾಸನವೊಂದಿದೆ. ಅದರ ಲಿಪಿ ಭಾರತದ್ದು, ಭಾಷೆ ಚಾಮ್. ನಮ್ಮ ಹಲ್ಮಿಡಿ ಶಾಸನಕ್ಕಿಂತಲೂ ತುಸು ಹಿಂದಿನದು. ಸಂಸ್ಕೃತ ಕಲಿತ ಜನ ತಮ್ಮ ಮಾತನ್ನೂ ಕಲ್ಲಿನ ಮೇಲೆ ಬರೆಯಬಹುದು ಎಂದುಕೊಂಡದ್ದು ಅಲ್ಲಿಯೂ ಇಲ್ಲಿಯೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ. ಕನ್ನಡಿಗನೊಬ್ಬ ಚಾಮ್ ಗುಡಿಯ ಮುಂದೆ ನಿಂತು ಹೆಮ್ಮೆಪಡಬೇಕಾದರೆ ಇದಕ್ಕೆ ಪಡಲಿ. ನಮ್ಮ ಹಾಗೆಯೇ ಅವರೂ ಶಿವನನ್ನು ತಮ್ಮವನನ್ನಾಗಿ ಮಾಡಿಕೊಂಡವರು. ನಮ್ಮಿಂದ ಎರವಲು ತಂದು ಇಟ್ಟುಕೊಂಡವರಲ್ಲ.

ಹೋಗುವವರಿಗೆ ಒಂದೆರಡು ಮಾತು. 2025ರ ಜುಲೈ 1ರಿಂದ ವಿಯೆಟ್ನಾಂ ತನ್ನ 63 ಪ್ರಾಂತ ಮತ್ತು ನಗರಾಡಳಿತಗಳನ್ನು 34ಕ್ಕೆ ಇಳಿಸಿದೆ. ಜಿಲ್ಲಾ ಹಂತವನ್ನೇ ತೆಗೆದುಹಾಕಿದೆ. ಫಾನ್ ರಾಂಗ್ ಇದ್ದ ನಿನ್ ಥುವಾನ್ ಪ್ರಾಂತ ಖಾನ್ ಹೋವಾದಲ್ಲಿ ಸೇರಿತು. ಕ್ವಿ ನ್ಯೋನ್ ಈಗ ಬೆಟ್ಟದ ಸೀಮೆಯೂ ಸೇರಿದ ಜಿಯಾ ಲಾಯ್ ಪ್ರಾಂತದ ಆಡಳಿತ ಕೇಂದ್ರ. ಹಳೆಯ ಪುಸ್ತಕದ ವಿಳಾಸ ಹಿಡಿದು ಹೋದವರು ಗೊಂದಲಕ್ಕೆ ಬೀಳುತ್ತಾರೆ; ಊರಿನ ಜನ ಮಾತ್ರ ಹಳೆಯ ಹೆಸರನ್ನೇ ಹೇಳುತ್ತಾರೆ. ಫಾನ್ ರಾಂಗ್ ಸೀಮೆಯ ಕಡಲಂಚಿನಲ್ಲಿ ಅಣುಸ್ಥಾವರ ಕಟ್ಟಲು 2009ರಲ್ಲಿ ಒಪ್ಪಿಗೆಯಾಗಿ, 2016ರಲ್ಲಿ ಕೈಬಿಟ್ಟು, 2024ರ ನವೆಂಬರಿನಲ್ಲಿ ಮತ್ತೆ ಕೈಗೆತ್ತಿಕೊಂಡಿದ್ದಾರೆ. ಆ ದಂಡೆಯ ಮೀನುಗಾರರ, ದ್ರಾಕ್ಷಿ ಬೆಳೆಗಾರರ ಹಳ್ಳಿಗಳು ಈಗಿರುವ ಹಾಗೆಯೇ ಬಹುಕಾಲ ಇರಲಾರವು.

ಸಸ್ಯಾಹಾರಿಗಳು ಒಂದು ಪದ ಕಲಿತು ಹೋಗಬೇಕು: ಚಾಯ್. ಅಲ್ಲಿ ಅದು ಚಹಾ ಅಲ್ಲ, ಮಾಂಸ ಮೀನು ಇಲ್ಲದ ಊಟ. ಬರೀ ತರಕಾರಿ ಎಂದು ಕೇಳಿದರೆ ಮೀನಿನ ರಸ ಬೆರೆಸಿದ ತರಕಾರಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತ ಬೌದ್ಧರು ಮಾಂಸ ಬಿಡುವುದರಿಂದ ಆ ದಿನಗಳಲ್ಲಿ ಚಾಯ್ ಊಟ ಸುಲಭವಾಗಿ ಸಿಗುತ್ತದೆ. ಕತೆ ಹಬ್ಬಕ್ಕೆ ಹೋದರೆ ಗರ್ಭಗುಡಿಯ ಬಾಗಿಲಿಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಅಲ್ಲಿ ನಡೆಯುವುದು ಪೂಜೆ, ಪ್ರದರ್ಶನವಲ್ಲ. ಬಾವ್ ಟ್ರುಕ್‌ನಲ್ಲಿ ಚೌಕಾಸಿ ಬಿಟ್ಟು ಒಂದು ಮಡಕೆ ಕೊಳ್ಳಿ. ರೈಲು ಟಿಕೆಟ್ ತೆಗೆಸುವಾಗ ಫಾನ್ ರಾಂಗ್ ಎಂದರೆ ಸಿಗಲಿಕ್ಕಿಲ್ಲ, ಥಾಪ್ ಚಾಮ್ ಎಂದು ಕೇಳಿ. ಚಾಮರ ಗೋಪುರ ಎಂದು ಅದರ ಅರ್ಥ. ಆ ಜನರ ಹೆಸರು ಹೊತ್ತ ನಿಲ್ದಾಣವೊಂದಾದರೂ ದೇಶದ ಮುಖ್ಯ ಹಳಿಯ ಮೇಲೆ ಇದೆಯಲ್ಲ.