ಕಾವಲ್ ಪಾಳು ಭೂಮಿ ಅಲ್ಲ

ಕಡೂರು, ಚಳ್ಳಕೆರೆ ಕಡೆ ಅಮೃತಮಹಲ್ ಕಾವಲ್‌ಗಳನ್ನ ಕೆಲವರು ‘ಪಾಳು ಭೂಮಿ’ ಅಂತಾರೆ. ಮರ ಇಲ್ಲ ಅಂದ್ರೆ ಪಾಳಾ? ವರ್ಷಕ್ಕೆ 500-600 ಮಿ.ಮೀ. ಆಸುಪಾಸು ಮಳೆ ಬೀಳೋ ಸೀಮೆ ಇದು, ಇಲ್ಲಿಗೆ ಹುಲ್ಲೇ ಸರಿ. ಟಿಪ್ಪು ದಂಡಿನ ಫಿರಂಗಿ ಎಳೆದ ಎತ್ತುಗಳು ಇಂಥ ಕಾವಲ್‌ಗಳಲ್ಲೇ ಮೇದು ಬೆಳೆದವು. ಕೃಷ್ಣಮೃಗ, ತೋಳಕ್ಕೆ ಬೇಕಾದ್ದೂ ಬಯಲೇ, ದಟ್ಟ ಕಾಡಲ್ಲ.

ರಾಣೇಬೆನ್ನೂರಲ್ಲಿ ಬಯಲಿಗೆ ನೀಲಗಿರಿ ನೆಟ್ಟರು. ಅಲ್ಲಿದ್ದ ಎರೆಭೂತ ಹಕ್ಕಿ ಈಗ ಕಾಣಲ್ಲ.

ಹುಲ್ಲಿನ ಜೀವ ಬೇರಲ್ಲಿದೆ. ಬರ ಬಂದರೂ, ಬೆಂಕಿ ಬಿದ್ದರೂ ಮಳೆ ಬಂದೊಡನೆ ಚಿಗುರುತ್ತೆ, ಮಣ್ಣು ಕೊಚ್ಚಿಹೋಗದಂಗೆ ಹಿಡಿಯುತ್ತೆ.

‘ಗಿಡ ನೆಡೋದು ಒಳ್ಳೇದಲ್ವಾ’ ಅಂತೀರಿ. ಒಳ್ಳೇದೇ, ಹೊಲದ ಬದುವಲ್ಲಿ ನೆಡಿ. ಕಾವಲ್‌ನಲ್ಲಿ ಗುಂಡಿ ತೋಡೋಕೆ ಬಂದ್ರೆ ಗ್ರಾಮಸಭೇಲಿ ಎದ್ದು ನಿಂತು ಬೇಡ ಅನ್ನಿ. ಕಾವಲ್ ಹೋದ್ಮೇಲೆ ದನ-ಕುರಿ ಎಲ್ಲಿಗೆ ಹೊಡ್ಕೊಂಡು ಹೋಗ್ತೀರಿ?